ಶನಿ ಅಲುಗಿದ ಸಂಜೆ

ಮೊದಲೇ ಹೇಳಿಬಿಡುತ್ತೇನೆ. ಇಂಥ ಅನುಭವಗಳನ್ನು ಹೇಳಿಕೊಳ್ಳುವವರನ್ನು ನಾನು ಬಹಳ ವರ್ಷ ಗೋಳು ಹೊಯ್ದುಕೊಂಡವನು. ನವಿ ಮುಂಬಯಿಯ ನೆರೂಳದ ನಮ್ಮ ಕನ್ನಡ ಬಳಗದಲ್ಲಿ ಯಾರಾದರೂ ಸತ್ತ ಅಜ್ಜಿ ಕನಸಿನಲ್ಲಿ ಬಂದು ಬೀಗದ ಕೈ ಎಲ್ಲಿದೆಯೆಂದು ಹೇಳಿದ ವಿಷಯ ತೆಗೆದರೆ ಸಾಕು, ಅವರ ಮಾತು ಮುಗಿಯುವ ಮುಂಚೆಯೇ ನನ್ನ ವಾದ ಶುರುವಾಗುತ್ತಿತ್ತು. ಒಂದು ಗಣೇಶೋತ್ಸವದಲ್ಲಿ ನನ್ನ ಕೈಗೆ ಅರ್ಧ ಗಂಟೆ ಮೈಕು ಕೊಟ್ಟಿದ್ದರು. ಸಾಡೇಸಾತಿಯ ಬಗ್ಗೆ ಮಾತಾಡಿದೆ. "ಹೆದರಬೇಡಿ, ಶನಿಗೆ ನಿಮ್ಮ ಪಿನ್‌ಕೋಡ್ ಗೊತ್ತಿಲ್ಲ" ಎಂದೆ. ಜನ ಬಿದ್ದು ಬಿದ್ದು ನಕ್ಕರು. ಎರಡನೇ ಸಾಲಿನಲ್ಲಿದ್ದ ಕಟ್ಟಿ ಕಾಕಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಪಕ್ಕದಲ್ಲಿದ್ದ ಅವರ ಹೆಂಡತಿ, ಕಾಕು, ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಕೂತರು.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ನಾನೇನು ಕಮ್ಮಿ ನಕ್ಕವನಲ್ಲ.

ಕಟ್ಟಿ ಕಾಕಾ, ಕಾಕು ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯವರು. ನಾವು ಮೊದಲನೆಯದರಲ್ಲಿ. ಅವರು ಧಾರವಾಡ ಕಡೆಯವರು, ನಾನು ಮೈಸೂರಿನವನು. ನಮ್ಮಲ್ಲಿ ಕಾಕಾ, ಕಾಕು ಎನ್ನುವ ರೂಢಿಯಿಲ್ಲ, ಆದರೆ ಬಿಲ್ಡಿಂಗಿನ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದುದರಿಂದ ನನ್ನ ಬಾಯಿಗೂ ಅದೇ ಬಂದಿತ್ತು. ಕಾಕಾ ರಬಾಳೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತರಾಗಿದ್ದರು. ಪ್ರಾಯದಲ್ಲಿ ಲೋಕಲ್ ಗಾಡಿಯಿಂದ ಇಳಿಯುವಾಗ ಬಿದ್ದು ಅವರ ಎಡಗಾಲಿಗೆ ರಾಡು ಹಾಕಿದ್ದರು. ಬಲಗಾಲು ಗಟ್ಟಿಯಾಗಿ ಊರುತ್ತಿತ್ತು, ಎಡಗಾಲು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡು ಬರುತ್ತಿತ್ತು. ಮೆಟ್ಟಿಲ ಮೇಲೆ ಆ ಸದ್ದು ಕೇಳಿದರೆ ಯಾರೆಂದು ಕೇಳಬೇಕಾಗಿರಲಿಲ್ಲ.

ನನ್ನ ಹುಚ್ಚು ಬೇರೆಯದು. ಎಂಟು ಇಂಚಿನ ಕನ್ನಡಿಯನ್ನು ಒಂದು ಮಳೆಗಾಲವಿಡೀ ಕೈಯಲ್ಲೇ ಉಜ್ಜಿ, ಒಂದು ದೂರದರ್ಶಕ ಕಟ್ಟಿಕೊಂಡಿದ್ದೆ. ಅದನ್ನು ಸೊಸೈಟಿಯ ಟೆರೇಸಿನಲ್ಲಿ, ನೀರಿನ ಟಾಕಿಯ ಪಕ್ಕದಲ್ಲಿ ನಿಲ್ಲಿಸಿ ಗ್ರಹಗಳ ಫೋಟೋ ತೆಗೆಯುತ್ತಿದ್ದೆ. ಗ್ರಹದ ಫೋಟೋ ಎಂದರೆ ಒಂದು ಕ್ಲಿಕ್ಕಿನ ಕೆಲಸವಲ್ಲ. ಕಣ್ಣಿಡುವ ಜಾಗದಲ್ಲಿ ಒಂದು ವೆಬ್‌ಕ್ಯಾಮ್ ಸಿಕ್ಕಿಸಿ, ಲ್ಯಾಪ್‌ಟಾಪಿಗೆ ಜೋಡಿಸಿ, ನಾಲ್ಕು ನಿಮಿಷ ವಿಡಿಯೋ ತೆಗೆಯಬೇಕು. ಸಾವಿರಕ್ಕೂ ಹೆಚ್ಚು ಚಿತ್ರಗಳು ಬರುತ್ತವೆ. ಗಾಳಿಯ ಕಾರಣಕ್ಕೆ ಅವುಗಳಲ್ಲಿ ಬಹುಪಾಲು ಕಲಸಿಹೋಗಿರುತ್ತವೆ. ಚೆನ್ನಾಗಿರುವ ಕೆಲವನ್ನು ಆರಿಸಿ ಒಂದರ ಮೇಲೊಂದು ಕೂರಿಸಿದರೆ ಒಂದು ಫೋಟೋ ಹುಟ್ಟುತ್ತದೆ. ನವಿ ಮುಂಬಯಿಯ ದೀಪಗಳಿಂದ ಗ್ರಹಗಳಿಗೆ ತೊಂದರೆಯಿಲ್ಲ. ಬೇಕಾದ್ದು ಎರಡೇ, ಅಲುಗದ ಗಾಳಿ ಮತ್ತು ಅಲುಗದ ನೆಲ. ಅಷ್ಟು ದೊಡ್ಡದು ಮಾಡಿ ನೋಡುವಾಗ ಯಾರಾದರೂ ಸ್ಲ್ಯಾಬಿನ ಮೇಲೆ ಹೆಜ್ಜೆ ಇಟ್ಟರೆ ಪರದೆಯ ಮೇಲೆ ಗ್ರಹ ಎಗರಿ ಬೀಳುತ್ತದೆ.

ಅದಕ್ಕೆ ನಾನೊಂದು ನಿಯಮ ಮಾಡಿದ್ದೆ. ಟೆರೇಸಿಗೆ ಬಂದವರು, ನಾನು ಕೈ ಎತ್ತಿದರೆ ನಿಂತಲ್ಲೇ ನಿಲ್ಲಬೇಕು. ಕೈ ಇಳಿಸುವವರೆಗೆ ಕಾಲು ಎತ್ತಬಾರದು. ಮಕ್ಕಳಿಗೆ ಇದು ಆಟದಂತೆ ಕಂಡು, ನನಗೆ ಸ್ಟ್ಯಾಚ್ಯೂ ಅಂಕಲ್ ಎಂದು ಹೆಸರಿಟ್ಟಿದ್ದರು. ದೊಡ್ಡವರು ಗೊಣಗುತ್ತಿದ್ದರು. ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವರು ಕಾಕಾ ಒಬ್ಬರೇ.

2007ರ ಏಪ್ರಿಲ್‌ನ ಒಂದು ಭಾನುವಾರ ಸಂಜೆ, ಎಂಟು ಗಂಟೆಯ ಸುಮಾರಿಗೆ, ಶನಿ ನೆತ್ತಿಯ ಹತ್ತಿರ ಇತ್ತು. ಗಾಳಿ ಸತ್ತು ಬಿದ್ದಿತ್ತು. ಬೆವರು ಇಳಿಯುತ್ತಿತ್ತು, ಆದರೆ ನನ್ನಂಥವನಿಗೆ ಅದೇ ಹಬ್ಬ. ಪರದೆಯ ಮೇಲೆ ಶನಿ, ಅದರ ಉಂಗುರ, ಉಂಗುರದ ನಡುವಿನ ಕಪ್ಪು ಸಂದು, ಎಲ್ಲ ನೆಟ್ಟಗೆ ನಿಂತಿದ್ದವು. ಅಂಥ ಸಂಜೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ರೆಕಾರ್ಡಿಂಗ್ ಶುರು ಮಾಡಿದೆ. ಅರ್ಧ ನಿಮಿಷ ಆಗಿರಲಿಲ್ಲ, ಶನಿ ಕುಪ್ಪಳಿಸಿತು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಮತ್ತೆ ಜೋರಾಗಿ, ಮತ್ತೆ ಮೆಲ್ಲಗೆ. ಕಾಕಾ ಬಂದಿದ್ದರು.

ನಾನು ತಿರುಗದೆಯೇ ಕೈ ಎತ್ತಿದೆ. "ಅಲ್ಲೇ ನಿಲ್ಲಿ ಕಾಕಾ, ನಡೀಬೇಡಿ" ಎಂದೆ. ಹೆಜ್ಜೆ ನಿಂತಿತು. "ತಮ್ಮಾ, ಸ್ವಲ್ಪ..." ಎಂದರು. "ಒಂದೇ ನಿಮಿಷ" ಎಂದೆ. ಕೆಟ್ಟ ಫೈಲನ್ನು ಅಳಿಸಿ ಹಾಕಿದೆ. ಇಂಥ ಫೈಲುಗಳು ತುಂಬ ಜಾಗ ತಿನ್ನುತ್ತಿದ್ದವು, ಕೆಟ್ಟದ್ದನ್ನು ಕೂಡಲೇ ಅಳಿಸುವುದು ನನ್ನ ಪದ್ಧತಿ. ಮತ್ತೆ ಶುರು ಮಾಡಿದೆ.

ಒಂದೇ ನಿಮಿಷ ಎಂದವನು ನಾಲ್ಕು ನಿಮಿಷದ ಮೂರು ರೆಕಾರ್ಡಿಂಗ್ ಮಾಡಿದೆ. ನಡುವೆ ಹೊಂದಿಸಿಕೊಳ್ಳಲು ಹಿಡಿದ ಹೊತ್ತು ಸೇರಿ ಕಾಲು ಗಂಟೆ. ಅಷ್ಟು ಹೊತ್ತೂ ಕಾಕಾ ನನ್ನ ಬೆನ್ನ ಹಿಂದೆ ನಿಂತಿದ್ದರು. ಅವರ ಉಸಿರು ಕೇಳುತ್ತಿತ್ತು. ಮೆಟ್ಟಿಲು ಹತ್ತಿದ ದಣಿವು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೂ ಅಂದುಕೊಳ್ಳಲಿಲ್ಲ. ಏನೂ ಅಂದುಕೊಳ್ಳಲಿಲ್ಲ, ಶನಿಯನ್ನು ನೋಡುತ್ತಿದ್ದೆ. ಮೂರನೆಯದು ಮುಗಿದ ಮೇಲೆ ಅವರು ಕೇಳಿದರು, "ಮುಗೀತೇನ್ರಿ? ನಾ ಹೋಗ್ಲಿ?"

"ಹೂಂ, ಈಗ ನಡೀರಿ" ಎಂದೆ. ತಿರುಗಿ ಅವರ ಮುಖ ನೋಡಲಿಲ್ಲ.

ಅವರು ಮನೆಯ ಬಾಗಿಲವರೆಗೂ ಹೋಗಿದ್ದಾರೆ. ಕಾಕು ಬಾಗಿಲು ತೆಗೆದಿದ್ದಾರೆ. ಚಪ್ಪಲಿ ಬಿಡಲು ಬಗ್ಗಿದವರು ಮತ್ತೆ ಏಳಲಿಲ್ಲ. ಕೆಳಗಿನ ಗದ್ದಲ ನನಗೆ ಕೇಳಿತು. ಆಗ ನಾಲ್ಕನೇ ರೆಕಾರ್ಡಿಂಗ್ ಓಡುತ್ತಿತ್ತು. ಅದು ಮುಗಿಯುವವರೆಗೆ ನಾನು ಇಳಿಯಲಿಲ್ಲ. ಇದನ್ನು ಬರೆಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತದೆ.

ನನ್ನ ಕಾರಿನಲ್ಲೇ ಆಸ್ಪತ್ರೆಗೆ ಒಯ್ದೆವು. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಅವರು ಎಲ್ಲರಿಗೂ ಹೇಳುವ ಮಾತೇ ಇರಬಹುದು. ಆದರೆ ಕಾಕು ಆ ಅರ್ಧ ಗಂಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟು ಹೊತ್ತು ಕಾಕಾ ಎಲ್ಲಿದ್ದರು? ಗೇಟಿನಿಂದ ಆಚೆ ಹೋಗಿಲ್ಲ ಎಂದ ವಾಚ್‌ಮನ್. ಮೇಲೆ ಬಂದಿದ್ದರೇ ಎಂದು ಕಾಕುವಿನ ಅಳಿಯ ನನ್ನನ್ನು ಕೇಳಿದ. ಬಳಗದ ಹತ್ತು ಜನ ಅಲ್ಲಿ ನಿಂತಿದ್ದರು. "ಇಲ್ಲ, ನಾನು ನೋಡಲಿಲ್ಲ" ಎಂದೆ. ಕಂಪೌಂಡಿನೊಳಗೇ ಸುತ್ತು ಹಾಕಿರಬೇಕು ಎಂದರು ಯಾರೋ. ಎಲ್ಲರೂ ಅದನ್ನೇ ಒಪ್ಪಿಕೊಂಡರು.

ಆ ಸಂಜೆಯ ಎರಡನೇ ರೆಕಾರ್ಡಿಂಗಿನಿಂದ ನಾನು ತೆಗೆದದ್ದೇ ನನ್ನ ಜೀವಮಾನದ ಅತ್ಯುತ್ತಮ ಫೋಟೋ. ಹವ್ಯಾಸಿಗಳ ಒಂದು ಪ್ರದರ್ಶನದಲ್ಲಿ ಅದನ್ನು ಇಟ್ಟರು, ಬಹಳ ಜನ ಮೆಚ್ಚಿದರು. ಕಟ್ಟು ಹಾಕಿಸಿ ಹಾಲ್‌ನ ಗೋಡೆಗೆ ತೂಗುಹಾಕಿದೆ. ಕೆಳಗೆ ತಾರೀಖು ಕೂಡ ಇತ್ತು. ಮನೆಗೆ ಬಂದವರು ಉಂಗುರ ನೋಡುತ್ತಿದ್ದರು, ತಾರೀಖು ಯಾರೂ ಓದುತ್ತಿರಲಿಲ್ಲ. ನನ್ನ ಹೆಂಡತಿ ಓದಿದಳು. "ಅವತ್ತು ನೀವು ಮೇಲೆ ಒಬ್ಬರೇ ಇದ್ರಾ?" ಎಂದು ಒಂದೇ ಸಲ ಕೇಳಿದಳು. ಒಂದು ದಿನ ಆಫೀಸಿನಿಂದ ಬಂದಾಗ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಎರಡು ವರ್ಷ ಕಳೆಯಿತು. 2009ರ ಮೇ ತಿಂಗಳಲ್ಲಿ ಕಾಕು ಮುಂಬಯಿ ಹತ್ತಿರದ ಕಲ್ಯಾಣದಲ್ಲಿರುವ ಮಗಳ ಮನೆಗೆ ಹೋಗಿ ಇರುವುದೆಂದು ತೀರ್ಮಾನವಾಯಿತು. ಸಾಮಾನಿನ ಟೆಂಪೋ ಬರುವ ಹಿಂದಿನ ದಿನ ಸಂಜೆ ಅವರು ಟೆರೇಸಿಗೆ ಬಂದರು. ಮಂಡಿ ನೋವು, ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ನಾನು ಪ್ಲಾಸ್ಟಿಕ್ ಕುರ್ಚಿ ಹಾಕಿದೆ.

"ಇವ್ರು ನಿನಗೂ ತೋರಸ್ತೀನಿ ತೋರಸ್ತೀನಿ ಅಂತಿದ್ರು, ಹಂಗ ಹೋಗಿಬಿಟ್ರು" ಎಂದರು. "ನಾಳೆ ನಾ ಹೊಂಟೆ. ಒಮ್ಮೆ ಶನಿದೇವರನ್ನ ತೋರಸ್ರಿ. ದೇವರಿಗೆ ಒಂದ ಮಾತ ಕೇಳೂದದ."

ಏನು ಕೇಳುವುದು ಎಂದು ನಾನು ವಿಚಾರಿಸಲಿಲ್ಲ. ಅವರೇ ಹೇಳಿದರು. "ಅವತ್ತ ಇವ್ರು ಎದಿ ಹಿಡಿದಂಗ ಆಗ್ಯದ ಅಂದ್ರು. ನಾ ಒಲಿ ಮುಂದಿದ್ದೆ. ಗ್ಯಾಸ್ ಆಗಿರ್ತದ, ಹೊರಗ ನಾಕ ಸುತ್ತ ಹಾಕಿ ಬರ್ರಿ ಅಂದೆ. ಹೊರಳಿ ನೋಡ್ಲಿಲ್ಲ ನಾ. ನಾನ ಅಡ್ಡಾಡಿಸಿ ಕೊಂದೆ ಅನಸ್ತದರಿ ತಮ್ಮಾ."

ಒಂದು ವಾಕ್ಯ ಸಾಕಿತ್ತು. ಇಲ್ಲ ಕಾಕು, ಅವರು ಅಡ್ಡಾಡಲಿಲ್ಲ, ಇಲ್ಲೇ ನಿಂತಿದ್ದರು, ನಿಲ್ಲಿಸಿದವನು ನಾನು. ಅದನ್ನು ಬಿಟ್ಟು ನಾನು ಗಡಿಬಿಡಿಯಿಂದ ದೂರದರ್ಶಕದ ಮುಚ್ಚಳ ತೆಗೆಯಲು ಹೋದೆ.

ಆ ಸಂಜೆ ಮಳೆಗಾಲದ ಮುಂಚಿನ ಮೋಡ ದಟ್ಟವಾಗಿತ್ತು. ಒಂದು ನಕ್ಷತ್ರವೂ ಇರಲಿಲ್ಲ. ಸಾಲದ್ದಕ್ಕೆ ಆ ವರ್ಷ ಶನಿಯ ಉಂಗುರ ನಮ್ಮ ಕಡೆಗೆ ಅಂಚು ಮಾಡಿ ನಿಂತಿತ್ತು. ಕಂಡರೂ ಒಂದು ಗೆರೆಯಷ್ಟೇ ಕಾಣಬೇಕು. ಕಾಕುವನ್ನು ಬರಿಗೈಲಿ ಕೆಳಗೆ ಕಳಿಸಲು ಮನಸ್ಸಾಗಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಒಳಗಿನ ಸತ್ಯ ಬೇರೆ. ಅವರು ಬೇಗ ನೋಡಿ, ಬೇಗ ಎದ್ದು ಹೋಗಲಿ ಎಂದಿತ್ತು. ಲ್ಯಾಪ್‌ಟಾಪಿನಲ್ಲಿ ಹಳೆಯ ರೆಕಾರ್ಡಿಂಗ್ ತೆಗೆದು ಪರದೆ ತುಂಬ ಹಾಕಿದೆ. "ನೋಡಿ ಕಾಕು, ಮೋಡದ ಸಂದಿನಲ್ಲಿ ಈಗ ಮೇಲೆ ಇರೋದೇ ಇಲ್ಲಿ ಕಾಣ್ತಾ ಇದೆ" ಎಂದೆ.

ಹಾಕಿದ್ದು ಯಾವುದು ಎಂದು ನೀವು ಊಹಿಸಿರಬಹುದು. 2007ರ ಆ ಸಂಜೆಯ ಎರಡನೆಯದು. ಯಾರಿಗೇ ಶನಿ ತೋರಿಸುವುದಿದ್ದರೂ ನಾನು ಅದನ್ನೇ ತೋರಿಸುತ್ತಿದ್ದೆ, ಏಕೆಂದರೆ ಅದರಲ್ಲಿ ಶನಿ ಮೊದಲಿನಿಂದ ಕೊನೆಯವರೆಗೆ ಕದಲುವುದಿಲ್ಲ. ಅದು ಅವತ್ತಿನದು ಎಂದು ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಕಾಕು ಎರಡೂ ಕೈ ಜೋಡಿಸಿದರು. ತುಟಿ ಅಲ್ಲಾಡುತ್ತಿತ್ತು. ನಾನು ಅವರ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಟೆರೇಸಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಬಾಗಿಲು ನನ್ನ ಎದುರಿಗೇ ಇತ್ತು.

ಅರ್ಧ ನಿಮಿಷ ಆಗಿರಬೇಕು. ಪರದೆಯ ಮೇಲೆ ಶನಿ ಅಲುಗಿತು.

ಮೊದಲು ನನ್ನ ಕಣ್ಣೇ ಮೋಸಹೋಯಿತು ಎಂದುಕೊಂಡೆ. ಮತ್ತೆ ಅಲುಗಿತು. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು, ದೂರದಿಂದ ಯಾರೋ ಹತ್ತಿರ ಬರುತ್ತಿರುವಾಗ ಆಗುವಂತೆ. ಎರಡು ವರ್ಷದ ಹಿಂದೆ ತೆಗೆದಿಟ್ಟ ವಿಡಿಯೋ ಅದು. ಈಗ ಯಾರು ಎಲ್ಲಿ ಕುಣಿದರೂ ಅದು ಅಲುಗಲು ಸಾಧ್ಯವಿಲ್ಲ. ಕ್ಯಾಮೆರಾದ ತಂತಿ ಜೋಡಿಸಿರಲೇ ಇಲ್ಲ, ನನ್ನ ಕೈಯಲ್ಲಿತ್ತು. ಪರದೆಯ ಮೇಲಿನ ಶನಿಗೆ ಅಗಲವಾದ ಉಂಗುರವಿತ್ತು, ಅಂದರೆ ಓಡುತ್ತಿರುವುದು ಹಳೆಯದೇ. ಹಳೆಯದೇ, ಆದರೆ ಹೀಗೆ ಅಲುಗಿದ್ದ ಫೈಲನ್ನು ನಾನು ಅಂದೇ ಅಳಿಸಿದ್ದೆ.

ಕಾಕು ಹೊರಳಿ ನೋಡಲಿಲ್ಲ. ಜೋಡಿಸಿದ ಕೈ ಹಾಗೇ ಇತ್ತು. "ಇವ್ರು ಬಂದ್ರು" ಎಂದರು, ದಿನಾ ಸಂಜೆ ಗಂಡ ಮನೆಗೆ ಬಂದಾಗ ಹೇಳುವ ದನಿಯಲ್ಲಿ.

"ಯಾರು ಕಾಕು?" ಎಂದೆ.

"ನಲವತ್ತ ವರ್ಷ ಕೇಳೀನಿ, ಅವರ ನಡಿಗಿ ನನಗ ಗೊತ್ತಾಗಂಗಿಲ್ಲೇನ್ರಿ?" ಎಂದರು. ಸದ್ದು ಏನೂ ಇರಲಿಲ್ಲ. ಅವರು ಆ ಅಲುಗಾಟವನ್ನು ನೋಡಿ ಹೇಳುತ್ತಿದ್ದರು. ಆಮೇಲೆ ಶನಿ ನಿಂತಿತು. "ನಿಂತ್ರು" ಎಂದರು ಕಾಕು.

ಉಳಿದ ಮೂರು ನಿಮಿಷ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಕಾಕುವೂ ಕದಲಲಿಲ್ಲ, ನಾನೂ ಕದಲಲಿಲ್ಲ. ನನ್ನ ಬೆನ್ನ ಹಿಂದೆ ಟಾಕಿಯ ಗೋಡೆ ಮಾತ್ರ ಇತ್ತು, ಅದು ನನಗೆ ಗೊತ್ತಿತ್ತು. ಆದರೂ ತಿರುಗುವ ಧೈರ್ಯ ಬರಲಿಲ್ಲ. ಹೆದರಿದ್ದೆನೇ ಎಂದು ಕೇಳಿದರೆ, ಹೌದು. ಆದರೆ ಹೆದರಿಕೆಗಿಂತ ಹೆಚ್ಚಾಗಿ ಮುಖ ಎಲ್ಲಿಡಬೇಕು ಎಂದು ತಿಳಿಯಲಿಲ್ಲ.

ವಿಡಿಯೋ ಮುಗಿದು ಪರದೆ ಕಪ್ಪಾಯಿತು. ಮೋಡ ಪೂರ್ತಿ ಮುಚ್ಚಿತು ಎಂದುಕೊಂಡರು ಕಾಕು. ಸೆರಗಿನಿಂದ ಕಣ್ಣೊರೆಸಿಕೊಂಡು, ಬಹಳ ಮೆಲ್ಲಗೆ ಕೇಳಿದರು, "ತಮ್ಮಾ, ಅವತ್ತೂ ಅವ್ರು ಇಲ್ಲಿಗೇ ಬಂದಿದ್ರೇನ್ರಿ?"

ಕಣ್ಣಿನಲ್ಲಿ ಆಸೆ ಇತ್ತು. ನಾನು ಹೌದು ಎನ್ನಲಿ ಎಂಬ ಆಸೆ.

"ಇಲ್ಲ ಕಾಕು" ಎಂದೆ.

"ಹಂಗಾರ ನಾನ ಕಳಿಸಿದ್ದು" ಎಂದು ಕುರ್ಚಿಯ ಕೈ ಹಿಡಿದು ಎದ್ದರು. ಮೂರನೇ ಮಹಡಿಯವರೆಗೆ ಅವರ ಕೈ ಹಿಡಿದು ಇಳಿಸಿದೆ. ಬಾಗಿಲಲ್ಲಿ ನನ್ನ ತಲೆ ಸವರಿ, ಪುಣ್ಯ ಕಟ್ಟಿಕೊಂಡ್ರಿ ಎಂದರು.

ಅವರು ಒಳಗೆ ಹೋದ ಮೇಲೆ ಆ ಫೈಲನ್ನು ಮತ್ತೆ ಹಾಕಿ ನೋಡಿದೆ. ಶನಿ ನೆಟ್ಟಗೆ ನಿಂತಿತ್ತು. ಒಂದೊಂದೇ ಚಿತ್ರ ಬಿಡಿಸಿ ನೋಡಿದೆ. ಗ್ರಹ ಎಷ್ಟು ಸರಿದಿದೆ ಎಂದು ಗೆರೆ ಎಳೆದು ತೋರಿಸುವ ತಂತ್ರಾಂಶವಿದೆ, ಅದರಲ್ಲೂ ಹಾಕಿದೆ. ಗೆರೆ ಮಟ್ಟಸವಾಗಿತ್ತು. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಅದು ಮತ್ತೆಂದೂ ಅಲುಗಲಿಲ್ಲ.

ವಾದ ಮಾಡಿ ಅಭ್ಯಾಸವಾದ ತಲೆ ಸುಮ್ಮನಿರುತ್ತದೆಯೇ? ಲ್ಯಾಪ್‌ಟಾಪ್ ಇಟ್ಟಿದ್ದ ಸ್ಟೂಲು ಅಲ್ಲಾಡಿರಬೇಕು ಎಂದುಕೊಂಡೆ. ಆದರೆ ಪರದೆಯ ಚೌಕಟ್ಟು ಅಲ್ಲಾಡಿರಲಿಲ್ಲ, ಒಳಗಿನ ಗ್ರಹ ಮಾತ್ರ ಅಲುಗಿತ್ತು. ಮನಸ್ಸಿನ ಭ್ರಮೆ ಎಂದುಕೊಂಡೆ. ಕಾಕುಗೆ ಗಂಡನನ್ನು ಕಾಣುವ ಹಂಬಲವಿತ್ತು, ಸರಿ. ನಾನಂತೂ ಕಾಣಬಯಸಿದವನಲ್ಲ. ಜಗತ್ತಿನಲ್ಲಿ ನಾನು ಬೇಡವೆನ್ನುತ್ತಿದ್ದುದು ಅದೊಂದೇ. ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಹತ್ತು ನಿಮಿಷದಲ್ಲಿ ಅವರನ್ನು ಮಣ್ಣು ಮುಕ್ಕಿಸುತ್ತಿದ್ದೆ. ನನಗೆ ನಾನೇ ಹೇಳಿಕೊಂಡ ಯಾವ ವಿವರಣೆಯೂ ನನ್ನನ್ನು ಒಪ್ಪಿಸಲಿಲ್ಲ.

ನಾಲ್ಕು ವರ್ಷದ ನಂತರ ಒಮ್ಮೆ, ಹೇಳಿಯೇ ಬಿಡುವುದೆಂದು ಕಲ್ಯಾಣಕ್ಕೆ ಹೋದೆ. ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಕೂತ ಮೇಲೆ ಆ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಮೊಮ್ಮಗಳು ಬಾಗಿಲು ತೆಗೆದು, "ಆಜೀ, ಕೋಣೀತರೀ ಆಲಯ್" ಎಂದು ಯಾರೋ ಬಂದ ಸುದ್ದಿಯನ್ನು ಮರಾಠಿಯಲ್ಲಿ ಒಳಗೆ ಕೂಗಿದಳು. ಕಾಕು ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಮಗಳಿಗೆ ಹೇಳತೊಡಗಿದರು. "ಇವರ ನೋಡವಾ, ನನಗ ನಿಮ್ಮಪ್ಪನ ಹೆಜ್ಜಿ ತೋರಿಸಿದವ್ರು. ತಪ್ಪ ನಂದ ಇತ್ತು. ಆದ್ರೂ ನಿಮ್ಮಪ್ಪ ಸಿಟ್ಟ ಇಟಗೊಳ್ಳದ ಬಂದ್ರು."

ಇಷ್ಟು ಸಮಾಧಾನ ಮಾಡಿಕೊಂಡವರ ಮುಂದೆ ನಿಜ ಹೇಳಿ ಅದನ್ನು ಯಾಕೆ ಕೆಡಿಸಲಿ ಎಂದುಕೊಂಡು ಎದ್ದು ಬಂದೆ. ಇದು ನೆಪ ಎಂದು ನನಗೆ ಮೆಟ್ಟಿಲು ಇಳಿಯುವಾಗಲೇ ಗೊತ್ತಿತ್ತು. ತಪ್ಪು ನಂದೇ ಎನ್ನುವುದು ಎಂಥ ಸಮಾಧಾನ?

ಕಾಕು ಈಗಲೂ ಅಲ್ಲೇ ಇದ್ದಾರೆ. ಆ ಮನೆಯಲ್ಲಿ ಕನ್ನಡ ಓದುವವರು ಅವರೊಬ್ಬರೇ. ಕನ್ನಡದ ಮಾಸಿಕ ಕೈಗೆ ಬಂದರೆ ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುತ್ತಾರಂತೆ. ಎದುರು ಕೂತು ಹೇಳಲಾಗದೆ ಹೀಗೆ ಅಚ್ಚು ಹಾಕಿಸುವುದೂ ಹೇಡಿತನವೇ, ಒಪ್ಪಿಕೊಳ್ಳುತ್ತೇನೆ. ಆ ಸಂಜೆ ಶನಿ ಏಕೆ ಅಲುಗಿತು, ಅಳಿಸಿದ್ದು ಹೇಗೆ ಕಂಡಿತು, ನಮ್ಮಿಬ್ಬರಿಗೂ ಏಕೆ ಕಂಡಿತು, ನನಗೆ ಗೊತ್ತಿಲ್ಲ ಕಾಕು. ಗೊತ್ತಿರುವುದು ಇಷ್ಟೇ. ಕಾಕಾ ನಿಮ್ಮ ಮಾತು ಕೇಳಿ ಅಡ್ಡಾಡಲಿಲ್ಲ. ಎದೆ ಹಿಡಿದುಕೊಂಡು ಮೇಲೆ ನನ್ನ ಹತ್ತಿರ ಬಂದಿದ್ದರು. ನಾನು ನಿಲ್ಲಿ ಅಂದೆ, ಕಾಲು ಗಂಟೆ ನಿಂತರು.